ತಿದ್ದದೆ ಉಳಿದ ಹೊತ್ತು

ಬೆಳಿಗ್ಗೆಯಿಂದಲೂ ಅವನ ಎಡಗಾಲಿನ ಬೂಟಿನೊಳಗೆ ಏನೋ ಒತ್ತುತ್ತಿತ್ತು. ಎರಡು ಸಲ ಬಿಚ್ಚಿ, ತಲೆಕೆಳಗು ಮಾಡಿ, ಹಿಮ್ಮಡಿಯನ್ನು ಮೇಜಿನ ಕಾಲಿಗೆ ಕುಟ್ಟಿ ನೋಡಿದ. ಏನೂ ಬೀಳಲಿಲ್ಲ. ಕಲ್ಲಿಲ್ಲ, ಮೊಳೆಯಿಲ್ಲ, ಹಾಕಿಕೊಂಡ ಕೂಡಲೆ ಮಾತ್ರ ಒತ್ತುತ್ತದೆ. ಇಂಥದಕ್ಕೆಲ್ಲ ಗಮನ ಕೊಡುವ ದಿನ ಇದಲ್ಲ ಎಂದುಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಹನ್ನೆರಡು ಗಂಟೆಗೆ ಕೆಳಗಿನ ಸಭಾಂಗಣದಲ್ಲಿ ಪತ್ರಿಕೆಯವರು, ಸಂಸ್ಥೆಯ ಹಿರಿಯರು, ಬೇರೆ ಬೇರೆ ವಿಭಾಗದವರು ಎಲ್ಲರ ಎದುರಿಗೆ ಅವನು ಹೇಳಬೇಕಾದ್ದು ಇಪ್ಪತ್ತೆರಡು ಪುಟಗಳಲ್ಲಿ ಸಿದ್ಧವಾಗಿತ್ತು. ಇಪ್ಪತ್ತೊಂದು ಪುಟಗಳ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ. ಕೊನೆಯದರಲ್ಲಿ ‘ಕೃತಜ್ಞತೆಗಳು’ ಎಂಬ ತಲೆಬರಹದ ಕೆಳಗೆ ಹದಿನಾಲ್ಕು ಹೆಸರುಗಳಿದ್ದವು. ಹದಿನೈದನೆಯದನ್ನು ಬರೆಯುವುದು, ಅಳಿಸುವುದು ಮೂರು ದಿನದಿಂದ ನಡೆದಿತ್ತು. ಬರೆದರೆ ಓದಬೇಕು. ಓದಿದರೆ ತಲೆಯೆತ್ತಿ ಆಕೆಯ ಕಡೆ ನೋಡಬೇಕು. ನೋಡಿದರೆ ಆಕೆಯ ಕೈಯಲ್ಲಿ ಪೆನ್ನಿರುತ್ತದೆ.

ಆ ಪೆನ್ನು ಅವನಿಗೆ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ, ಇದೇ ಕಟ್ಟಡದ ಎರಡನೆಯ ಮಹಡಿಯ ಸಭೆಯಲ್ಲಿ, ಉಪಗ್ರಹದ ಗಡಿಯಾರ ನೋಡಿಕೊಳ್ಳುವ ಆಕೆ ಎದ್ದು ನಿಂತು, ಸಮಯ ತಿದ್ದುವ ಕೆಲಸವನ್ನು ಎಲ್ಲರೂ ಮನಸ್ಸಿಗೆ ಬಂದ ಹಾಗೆ ಮಾಡುತ್ತಿದ್ದಾರೆ, ಒಬ್ಬರಾದರೂ ಪ್ರತಿ ಫೈಲನ್ನೂ ಎರಡನೆಯ ಸಲ ನೋಡುವಂತಾಗಬೇಕು ಎಂದು ನಿಧಾನವಾಗಿ ವಿವರಿಸುತ್ತಿದ್ದಳು. ಊಟದ ಹೊತ್ತು ಮೀರಿತ್ತು. ಅವನು ಕುರ್ಚಿಗೆ ಒರಗಿಕೊಂಡೇ, “ಗಡಿಯಾರದಮ್ಮ, ನಕ್ಷತ್ರ ನಮಗಿರಲಿ, ಗಡಿಯಾರ ನಿಮಗಿರಲಿ. ಕೀಲಿ ಕೊಡೋದು ಮರೀಬೇಡಿ, ಅಷ್ಟು ಸಾಕು” ಎಂದಿದ್ದ. ಸಭೆಯೆಲ್ಲ ನಕ್ಕಿತು. ಆಕೆಯೂ ನಗುವ ಹಾಗೆ ತುಟಿ ಅಗಲಿಸಿ, ಕೂತು, ಪೆನ್ನಿಗೆ ಮುಚ್ಚಳ ಹಾಕಿದಳು. ಎಷ್ಟು ನಿಧಾನವಾಗಿ ಹಾಕಿದಳೆಂದರೆ ಅದು ಕಟಕ್ಕೆಂದದ್ದು ನಗುವಿನ ನಡುವೆಯೂ ಅವನಿಗೆ ಕೇಳಿಸಿತ್ತು. ಅಂದಿನಿಂದ ಇಡೀ ಸಂಸ್ಥೆಗೆ ಆಕೆ ಗಡಿಯಾರದಮ್ಮ. ಕ್ಯಾಂಟೀನಿನವನೂ ಹಾಗೇ ಕರೆಯುತ್ತಾನೆ. ಆ ಹೆಸರು ಯಾರಿಟ್ಟದ್ದೆಂದು ಕ್ಯಾಂಟೀನಿನವನಿಗೆ ಗೊತ್ತಿಲ್ಲ, ಸಭೆಯಲ್ಲಿ ನಕ್ಕವರೂ ಮರೆತಿದ್ದಾರೆ. ಮರೆಯದವರು ಇಬ್ಬರೇ, ಆಕೆ ಮತ್ತು ಇವನು.

ಫೋನು ಗುಂಯ್‌ಗುಟ್ಟಿತು. ಅಕ್ಕ. ಅವಳೂ ಭಾವನೂ ಬೆಳಗಿನ ಬಸ್ಸಿಗೇ ಬಂದಿಳಿದು, ಕೆಳಗೆ ಸಂದರ್ಶಕರ ಕೋಣೆಯಲ್ಲಿ ಕೂತಿದ್ದಾರಂತೆ. “ನೀನು ಇಳಿದು ಬರೋದೇನೂ ಬೇಡ, ನಿನ್ನ ಕೆಲಸ ನೋಡ್ಕೊ. ಒಂದೇ ಒಂದು ಹೇಳು, ಮುಂದಿನ ಸಾಲಲ್ಲಿ ಕೂರಬಹುದೋ ಇಲ್ವೋ? ನಿಮ್ಮ ಭಾವ ಹೊಸ ಶರ್ಟಿನ ಮಡಿಕೆ ಹೋಗುತ್ತೆ ಅಂತ ಬಸ್ಸಲ್ಲಿ ಬೆನ್ನು ಒರಗಿಸಿಲ್ಲ.” ಭಾವ ಲಿಫ್ಟ್ ರಿಪೇರಿಯವನು. ಮೂವತ್ತು ವರ್ಷದಿಂದ ಲಿಫ್ಟಿನ ಗುಂಡಿಯೊಳಗೆ ಇಳಿದು ಹತ್ತಿ ಮಾಡುವವನು, ಈಚೆಗೆ ತಾನು ಕಾಲಿಟ್ಟ ಕಟ್ಟಡಗಳಲ್ಲೆಲ್ಲ ಭಾವಮೈದುನ ಹೊಸ ನಕ್ಷತ್ರ ಕಂಡುಹಿಡಿದಿದ್ದಾನೆ ಎಂದು ಹೇಳಿಕೊಂಡು ಬಂದವನು. ಹೊಸದಲ್ಲ ಭಾವ, ಅದು ಮೊದಲೂ ಇತ್ತು ಎಂದರೆ, “ಇದ್ದಿದ್ದು ಯಾರಿಗೆ ಗೊತ್ತಿತ್ತಯ್ಯಾ?” ಎನ್ನುತ್ತಿದ್ದ. ಅಕ್ಕನಿಗೆ ಅವನು ಫೋನಿನಲ್ಲೇ ಬಿಡಿಸಿ ಹೇಳಿದ್ದ. ಸತ್ತ ನಕ್ಷತ್ರದ ಗಟ್ಟಿ ತಿರುಳು ಅದು, ಒಂದು ಊರಿನಷ್ಟೇ ಅಗಲ, ಗಿರಗಿರ ತಿರುಗುತ್ತದೆ. ಕೆಲವಕ್ಕೆ ಮಾತ್ರ ಊಹೆಗೂ ಮೀರಿದ ಅಯಸ್ಕಾಂತದ ಶಕ್ತಿ ಇರುತ್ತದೆ, ಅವಕ್ಕೆ ಮ್ಯಾಗ್ನೆಟಾರ್ ಅಂತ ಹೆಸರು. ಅಕ್ಕ ಸ್ವಲ್ಪ ಯೋಚಿಸಿ, “ನಾವು ಫ್ರಿಜ್ಜಿನ ಬಾಗಿಲಿಗೆ ಅಂಟಿಸ್ತೀವಲ್ಲ, ಆ ಅಯಸ್ಕಾಂತಾನಾ?” ಎಂದಿದ್ದಳು. “ಅದೇ ಅಕ್ಕ. ಸ್ವಲ್ಪ ಜಾಸ್ತಿ.” ಈಗ ಅವನು, “ಮುಂದಿನ ಸಾಲಲ್ಲೇ ಕೂತ್ಕೊಳ್ಳಿ” ಎಂದು ಹೇಳಿ ಫೋನಿಟ್ಟ. ಬಾಗಿಲು ತಟ್ಟಿದ ಸದ್ದಾಯಿತು.

ಒಳಗೆ ಬಂದವಳು ಗಡಿಯಾರದಮ್ಮನೇ. ಹಿಂತಿರುಗಿ ಬಾಗಿಲು ಹಾಕಿದಳು. ಅದು ಅವನಿಗೆ ಹಿಡಿಸಲಿಲ್ಲ. ಕೈಯಲ್ಲಿ ಒಂದೇ ಹಾಳೆಯಿತ್ತು, ನಾಲ್ಕು ಮಡಿಕೆ ಮಾಡಿದ್ದು. ಮೇಜಿನ ಮೇಲೆ ಬಿಡಿಸಿಟ್ಟು ಅಂಗೈಯಿಂದ ಉಜ್ಜಿ ನೇರ ಮಾಡಿದಳು.

“ಸಾರ್, ನಿಮ್ಮ ಎರಡನೇ ಫೈಲು ತಿದ್ದಿಲ್ಲ.”

“ಯಾವ ಎರಡನೇ ಫೈಲು?”

“ಈ ನಕ್ಷತ್ರದ್ದೇ. ಮೊದಲನೇದರಲ್ಲಿ ಹೊತ್ತೆಲ್ಲ ಸೂರ್ಯನ ಲೆಕ್ಕಕ್ಕೆ ತಂದಿದೆ. ಎರಡನೇದರಲ್ಲಿ ಉಪಗ್ರಹದ ಗಡಿಯಾರ ಹೇಗಿತ್ತೋ ಹಾಗೇ ಇದೆ. ಫೈಲಿನ ತಲೆಯಲ್ಲಿ ಒಂದು ಸಾಲು ಇರುತ್ತಲ್ಲ, ಅಲ್ಲೇ ಕಾಣುತ್ತೆ.”

ಅವನಿಗೆ ಮೊದಲು ಬಂದದ್ದು ಕೋಪ. ಎರಡು ವರ್ಷ ಕಾದು, ಇವತ್ತೇ, ಇನ್ನು ಎರಡೂವರೆ ಗಂಟೆಯಿದೆ ಎನ್ನುವಾಗ ಬಂದಿದ್ದಾಳೆ. “ಅದೆಲ್ಲ ಶುರುವಿನಲ್ಲೇ ಮಾಡಿರ್ತೀವಿ ಮೇಡಂ” ಎಂದ, ಮಕ್ಕಳಿಗೆ ಹೇಳುವ ದನಿಯಲ್ಲಿ. ಹೇಳುತ್ತಿರುವಾಗಲೇ ಅವನ ಕೈ ಫೈಲು ತೆರೆಯಿತು. ಸಾಲು ಇತ್ತು. ಆಕೆ ಹೇಳಿದ ಹಾಗೇ ಇತ್ತು.

ಎಕ್ಸ್-ಕಿರಣಗಳು ಗಾಳಿಯನ್ನು ದಾಟಿ ನೆಲಕ್ಕೆ ಬರುವುದಿಲ್ಲ. ಅದಕ್ಕೇ ದೂರದರ್ಶಕವನ್ನು ಮೇಲೆ ಕಳಿಸಿದ್ದು. ಅಲ್ಲಿ ಒಂದೊಂದು ಕಿರಣ ಬಿದ್ದಾಗಲೂ ಯಾವ ಕ್ಷಣದಲ್ಲಿ ಬಿತ್ತೆಂದು ಬರೆದಿಡುತ್ತದೆ. ಆದರೆ ಬರೆದಿಡುವ ಯಂತ್ರ ಭೂಮಿಯ ಜೊತೆ ಸೂರ್ಯನ ಸುತ್ತ ಓಡುತ್ತಲೇ ಇರುತ್ತದೆ. ಆದ್ದರಿಂದ ಎಲ್ಲ ಹೊತ್ತನ್ನೂ ಸೂರ್ಯನ ಬಳಿ ಕದಲದೆ ನಿಂತು ಗುರುತು ಹಾಕಿದ್ದರೆ ಹೇಗಿರುತ್ತಿತ್ತೋ ಹಾಗೆ ತಿದ್ದಿಕೊಳ್ಳಬೇಕು. ಈ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಅದು. ಅವನೇ ಎಷ್ಟು ಜನಕ್ಕೆ ಕಲಿಸಿಲ್ಲ? ಅವನ ನಕ್ಷತ್ರ ಆರೂವರೆ ಸೆಕೆಂಡಿಗೆ ಸ್ವಲ್ಪ ಕಡಿಮೆ ಹೊತ್ತಿನಲ್ಲಿ ಒಂದು ಸುತ್ತು ತಿರುಗುತ್ತಿತ್ತು. ಏಳು ವಾರದ ನಂತರ ನೋಡಿದಾಗ ಆ ಸುತ್ತು ಒಂದು ಸೆಕೆಂಡಿನ ಹತ್ತುಸಾವಿರದಲ್ಲಿ ನಾಲ್ಕು ಪಾಲಿನಷ್ಟು ನಿಧಾನವಾಗಿತ್ತು. ಅಷ್ಟು ಬೇಗ ಬಳಲಬೇಕಾದರೆ ಅದನ್ನು ಅಸಾಧ್ಯ ಶಕ್ತಿಯ ಅಯಸ್ಕಾಂತವೇ ಹಿಡಿದು ಜಗ್ಗುತ್ತಿರಬೇಕು: ಇಪ್ಪತ್ತೆರಡು ಪುಟಗಳೂ ಆ ನಾಲ್ಕು ಪಾಲಿನ ಮೇಲೆ ನಿಂತಿದ್ದವು. ಅವನು ಎರಡನೆಯ ಫೈಲನ್ನು ತಿದ್ದಿ ಮತ್ತೆ ಲೆಕ್ಕ ಹಾಕಿದ. ಉತ್ತರ ಬಂತು. ನಾಲ್ಕು ಪಾಲು ಇರಲಿಲ್ಲ. ಎರಡು ಸಲವೂ ಒಂದೇ ಹೊತ್ತು, ಅಳತೆಯ ಮಿತಿಯೊಳಗೆ ಕೂದಲಷ್ಟೂ ಹೆಚ್ಚುಕಮ್ಮಿಯಿಲ್ಲ.

ಆ ಎರಡನೆಯ ಫೈಲಿನ ಲೆಕ್ಕಕ್ಕೆ ಕೂತಿದ್ದ ಮಧ್ಯಾಹ್ನ ಅವನಿಗೆ ಈಗ ಸ್ಪಷ್ಟವಾಗಿ ಕಂಡಿತು. ಈ ನಕ್ಷತ್ರ ಒಮ್ಮೆ ಚುರುಕ್ಕೆಂದು ಸಿಡಿದದ್ದನ್ನು ಕಂಡಿದ್ದ ಬೇರೆಯವರೂ ತಮ್ಮ ದೂರದರ್ಶಕವನ್ನು ಅತ್ತ ತಿರುಗಿಸಲಿದ್ದಾರೆ ಎಂದು ಯಾರೋ ಹೇಳಿದ್ದರು. ಜೊತೆಗೆ ಕೆಲಸ ಮಾಡುವವಳಿಗೆ ಜ್ವರ. ನಾಳೆ ಬಂದು ಮಾಡುತ್ತೇನೆ ಎಂದಿದ್ದಳು. ನಾಳೆ ಯಾಕೆ ಎಂದು ಅವನೇ ಕೂತ. ಬಿಸ್ಕತ್ತು ತಿನ್ನುತ್ತಿದ್ದ. ಕೀಲಿಮಣೆಯ ಸಂದಿಗೆ ಪುಡಿ ಬಿದ್ದಿತ್ತು, ಊದುತ್ತ, ಊದುತ್ತ, ಒಂದು ಹೆಜ್ಜೆ ಬಿಟ್ಟು ಮುಂದಿನದಕ್ಕೆ ಹೋಗಿದ್ದ.

“ನಾನೇ ಮಾಡಿದ್ದು ಇದು” ಎಂದ. ಯಾಕೆ ಹೇಳಿದನೋ. ಆಕೆ ಕೇಳಿರಲಿಲ್ಲ.

“ಯಾರಾದ್ರೂ ಮಾಡಬಹುದು ಸಾರ್” ಎಂದು ಆಕೆ ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. “ನಾನು ಬರ್ಲಾ?” ಬಾಗಿಲ ಹತ್ತಿರ ನಿಂತು, “ಯಾರಿಗೂ ಹೇಳಿಲ್ಲ ನಾನು” ಎಂದಳು. ಆ ಮಾತಿನಲ್ಲಿ ವ್ಯಂಗ್ಯವಿದೆಯೇ ಎಂದು ಅವನು ಹುಡುಕಿದ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ನಿರ್ದೇಶಕರ ಕೋಣೆಯಲ್ಲಿ ಎ.ಸಿ. ಯಾವಾಗಲೂ ಚಳಿ ಹಿಡಿಸುವಷ್ಟು ಇರುತ್ತದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೈಯಲಿಲ್ಲ. ಬೈಯುವುದಕ್ಕಿಂತ ಕೆಲಸಕ್ಕೆ ಬರುವುದೇನೆಂದು ಅವರಿಗೆ ಗೊತ್ತಿತ್ತು. “ಅಂದ್ರೆ ಅದು ಮ್ಯಾಗ್ನೆಟಾರ್ ಅಲ್ವಾ?”

“ಅಲ್ಲ ಅಂತಲೂ ಹೇಳೋಕಾಗಲ್ಲ ಸಾರ್. ಒಂದು ಸಲ ಸಿಡಿದಿದೆ. ನಿಧಾನ ಆಗ್ತಿರಬಹುದು, ಆದ್ರೆ ಏಳು ವಾರದಲ್ಲಿ ಕಾಣೋಷ್ಟು ಅಲ್ಲ. ಗೊತ್ತಿಲ್ಲ ಅಂತ ಹೇಳಬೇಕು.”

“ಗೊತ್ತಿಲ್ಲ ಅಂತ ಹೇಳೋಕೆ ಪತ್ರಿಕೆಯವರನ್ನ ಕರೆಸಿದ್ವಾ? ಇದು ಯಾರಿಗೆಲ್ಲ ಗೊತ್ತು?”

“ನನಗೆ, ಆಕೆಗೆ.”

“ಒಂದು ಕೆಲಸ ಮಾಡೋಣ.” ಅವರು ಮುಂದೆ ಬಾಗಿದರು. “ಉಪಗ್ರಹದ ಗಡಿಯಾರದಲ್ಲಿ ಸಣ್ಣ ಅನುಮಾನ ಬಂದಿದೆ, ಪರಿಶೀಲಿಸ್ತಿದ್ದೀವಿ, ಘೋಷಣೆ ಮುಂದಕ್ಕೆ ಹಾಕಿದ್ದೀವಿ. ಅಷ್ಟೇ. ಪೂರ್ತಿ ಸುಳ್ಳೇನಲ್ಲವಲ್ಲ, ಸಮಯದ ವಿಚಾರವೇ ತಾನೇ? ಯಂತ್ರ ಅಂದ್ಮೇಲೆ ಇದ್ದದ್ದೇ, ಯಾರೂ ತಲೆ ಕೆಡಿಸ್ಕೊಳ್ಳಲ್ಲ.”

ಎಷ್ಟು ಚೆನ್ನಾಗಿತ್ತು ಆ ಮಾತು. ನುಣ್ಣಗೆ, ಬೆಚ್ಚಗೆ, ಅವನ ಅಳತೆಗೇ ಹೊಲಿದ ಹಾಗೆ. ಹೂಂ ಎನ್ನಲು ಅವನ ಗಂಟಲು ಆಗಲೇ ಸಿದ್ಧವಾಗಿತ್ತು. ಅಕ್ಕ ಮುಂದಿನ ಸಾಲಿನಲ್ಲಿ ತಲೆಯೆತ್ತಿ ಕೂರಬಹುದು, ಭಾವ ಊರಲ್ಲೆಲ್ಲ ‘ಯಂತ್ರ ಕೈಕೊಡ್ತು’ ಎನ್ನಬಹುದು, ಯಂತ್ರಗಳು ಕೈಕೊಡುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗಡಿಯಾರ ಅಂದರೆ ಗಡಿಯಾರದಮ್ಮ ಎಂದು ಸಭಾಂಗಣದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ಅಷ್ಟೇ. ಆಕೆ ಹಿಂದಿನ ಸಾಲಿನಲ್ಲಿ ಕೂತು, ಎದ್ದು ನಿಂತು ಏನನ್ನೂ ಹೇಳದೆ, ಪೆನ್ನಿಗೆ ಮುಚ್ಚಳ ಹಾಕುತ್ತಾಳೆ. ಅವನ ಕಿವಿಯಲ್ಲಿ ಆ ಕಟಕ್ಕೆನ್ನುವ ಸದ್ದು ಎಷ್ಟು ನಿಜವಾಗಿ ಕೇಳಿಸಿತೆಂದರೆ ನಿರ್ದೇಶಕರ ಕೈಯನ್ನು ನೋಡಿದ. ಅವರ ಕೈಯಲ್ಲಿ ಏನೂ ಇರಲಿಲ್ಲ.

“ಗಡಿಯಾರ ಸರಿಯಾಗಿದೆ ಸಾರ್” ಎಂದ. “ಸರಿ ಇಲ್ಲದೇ ಇದ್ದಿದ್ದು ನಾನು.”

“ನೋಡಿ, ಇದು ನಿಮ್ಮ ಹೆಸರಿನ ಪ್ರಶ್ನೆ.”

“ಅದಕ್ಕೇ ಸಾರ್.”

ಸಭಾಂಗಣದಲ್ಲಿ ಅವನು ಇಪ್ಪತ್ತೆರಡು ಪುಟಗಳಲ್ಲಿ ಒಂದನ್ನೂ ತೋರಿಸಲಿಲ್ಲ. ಬಿಳಿಯ ಪರದೆಯ ಮುಂದೆ, ಒತ್ತುವ ಬೂಟಿನಲ್ಲಿ ಭಾರವನ್ನು ಬಲಗಾಲಿಗೆ ಹಾಕಿ ನಿಂತು ಹೇಳಿದ. ರಸ್ತೆಯ ಆ ತುದಿಯಲ್ಲಿ ಒಬ್ಬ ಒಂದೇ ಸಮನೆ ಗಂಟೆ ಬಾರಿಸ್ತಾ ಇದ್ದಾನೆ ಅಂದ್ಕೊಳ್ಳಿ. ನೀವು ಅವನಿಂದ ದೂರ ಓಡ್ತಾ ಇದ್ರೆ ಒಂದೊಂದು ಹೊಡೆತವೂ ಒಂಚೂರು ತಡವಾಗಿ ಕೇಳಿಸುತ್ತೆ. ಅವನ ಕೈ ಸೋತಿತು ಅಂತ ನಿಮಗನ್ನಿಸುತ್ತೆ. ಅವನಿಗೇನೂ ಆಗಿಲ್ಲ, ಓಡ್ತಿರೋದು ನೀವು. ನಾನು ಓಡ್ತಾ ಇದ್ದೆ, ನಕ್ಷತ್ರ ನಿಧಾನ ಆಯ್ತು ಅಂದ್ಕೊಂಡೆ. ಅಷ್ಟು ಹೇಳಿ ನಿಲ್ಲಿಸಿದ. ಯಾರೋ ಕೆಮ್ಮಿದರು. ಎರಡನೆಯ ಸಾಲಿನಲ್ಲಿದ್ದ ಪತ್ರಿಕೆಯವಳು ಕೈಯೆತ್ತಿ, “ಹಾಗಾದ್ರೆ ನಾಳೆ ನಾನು ಏನಂತ ಬರೀಲಿ ಸಾರ್?” ಎಂದಳು.

“ಗೊತ್ತಿಲ್ಲ ಅಂತ ಬರೀರಿ.”

ಸಭೆ ನಕ್ಕಿತು. ಅದೇ ನಗು, ಎರಡು ವರ್ಷದ ಹಿಂದಿನದೇ, ಬಹುಪಾಲು ಅದೇ ಬಾಯಿಗಳು. ಅದು ಮೈಮೇಲೆ ಬಿದ್ದಾಗ ಹೀಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕಿವಿ ಬಿಸಿಯಾಯಿತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ, ತನಗೂ ತುಟಿ ಅಗಲಿಸಬೇಕೆನ್ನಿಸಿತು, ಅಗಲಿಸಿದ. ಆಮೇಲೆ, ತಪ್ಪು ಹಿಡಿದದ್ದು ಸಮಯ ವಿಭಾಗದವರು ಎಂದು ಹೇಳಿ, ಆಕೆಯ ಹೆಸರನ್ನು, ನಿಜವಾದ ಹೆಸರನ್ನು, ಇನಿಷಿಯಲ್ ಸಮೇತ ಹೇಳಿದ. ಕೆಲವರು ಅದು ಯಾರು ಎಂದು ಪಕ್ಕದವರನ್ನು ಕೇಳುವುದು ಕಾಣಿಸಿತು. ಹಿಂದಿನ ಸಾಲಿನಲ್ಲಿ ಆಕೆ ತಲೆ ತಗ್ಗಿಸಿ ಕೂತಿದ್ದಳು. ಅದು ನಾಚಿಕೆಯೆಂದು ಅವನು ತಿಳಿದುಕೊಂಡ.

ಕ್ಯಾಂಟೀನಿನಲ್ಲಿ ಅಕ್ಕ ಅವನ ತಟ್ಟೆಗೆ ತನ್ನ ತಟ್ಟೆಯಿಂದ ಅನ್ನ ಹಾಕಿದಳು. ಅವಳಿಗೆ ಒಂದೇ ಪ್ರಶ್ನೆ. “ಕೆಲಸಕ್ಕೇನೂ ತೊಂದರೆ ಇಲ್ಲ ತಾನೇ?”

“ಇಲ್ಲಕ್ಕ.”

“ಹಾಗಾದ್ರೆ ತಣ್ಣಗಾಗೋಕೆ ಮುಂಚೆ ಉಣ್ಣು.”

ಭಾವ ಮಾತ್ರ ತಟ್ಟೆಯಿಂದ ತಲೆಯೆತ್ತದೆ ಉಣ್ಣುತ್ತಿದ್ದ. ಬೇಸರವಾಯಿತೇನೋ, ಎಷ್ಟು ಕಟ್ಟಡಗಳಲ್ಲಿ ಹೇಳಿಕೊಂಡಿದ್ದಾನೋ ಎಂದು ಇವನು ಅನ್ನ ಕಲಸುತ್ತ ಕೂತ. ಕೊನೆಗೆ ಭಾವ ನೀರು ಕುಡಿದು, ಲೋಟ ಕೆಳಗಿಟ್ಟು, “ಆ ಹೆಂಗಸು ಯಾರಯ್ಯಾ?” ಎಂದ. ಇವನು ಹೇಳಿದ. “ನಮ್ಮಲ್ಲಿ ಒಬ್ಬರು ಹಗ್ಗ ಕಟ್ಟಿದ್ರೆ ಇನ್ನೊಬ್ಬರು ಜಗ್ಗಿ ನೋಡ್ಬೇಕು. ನೋಡದೇ ಯಾರನ್ನೂ ಲಿಫ್ಟಿಗೆ ಹತ್ತಿಸಲ್ಲ. ಒಂದು ಸಲ ನಾನು ಕಟ್ಟಿದ್ದನ್ನ ಒಬ್ಬ ಜಗ್ಗಿದ, ಕೈಗೇ ಬಂತು. ಒಳಗೆ ಹತ್ತೋಕೆ ಬಾಗಿಲಲ್ಲಿ ಜನ ನಿಂತಿದ್ರು. ಅವನನ್ನ ಅಲ್ಲೇ ತಬ್ಕೊಂಡುಬಿಟ್ಟೆ. ಗ್ರೀಸು ಮೆತ್ತಿದ ಕೈ, ಅವನ ಶರ್ಟೆಲ್ಲ ಹಾಳು.” ಭಾವ ತನ್ನ ಹೊಸ ಶರ್ಟಿನ ತೋಳನ್ನು ನೋಡಿಕೊಂಡು ನಕ್ಕ. “ನಿನ್ನ ಕೈಯಲ್ಲಿ ಗ್ರೀಸೂ ಇಲ್ಲ. ಹೋಗಿ ಒಂದು ಮಾತು ಹೇಳಿ ಬಾ. ನಮ್ಮ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ, ನಾವೇ ಹೋಗಿ ಗೇಟಿನ ಹತ್ತಿರ ನಿಂತಿರ್ತೀವಿ.”

ಸಮಯ ವಿಭಾಗ ನೆಲಮಹಡಿಯ ಕೊನೆಯಲ್ಲಿ, ಜನರೇಟರಿನ ಗೋಡೆಗೆ ತಾಗಿಕೊಂಡಿತ್ತು. ಇಲ್ಲಿ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಅವನು ಒಂದು ಸಲವೂ ಅಲ್ಲಿಗೆ ಬಂದಿರಲಿಲ್ಲ. ಕಿಟಕಿಯ ಕೆಳಗೆ ಒಂದು ಮೇಜು, ಎರಡು ಕುರ್ಚಿ. ಗೋಡೆಯ ಉದ್ದಕ್ಕೂ ವರ್ಷವಾರು ಜೋಡಿಸಿದ ದಪ್ಪ ನೋಟ್‌ಬುಕ್ಕುಗಳು. ದಿನಕ್ಕೊಂದು ಸಾಲು, ಉಪಗ್ರಹದ ಗಡಿಯಾರ ಎಷ್ಟು ಮುಂದೆ, ಎಷ್ಟು ಹಿಂದೆ. ಇಲ್ಲಿ ಕೂತು ಈಕೆ ಪ್ರತಿದಿನ ಹಿಡಿದಿಟ್ಟ ಹೊತ್ತಿನ ಮೇಲೆ ತಾನು ಎಷ್ಟು ನಕ್ಷತ್ರಗಳನ್ನು ನಿಲ್ಲಿಸಿಲ್ಲ, ಎಷ್ಟು ಪ್ರಬಂಧ, ಎಷ್ಟು ಚಪ್ಪಾಳೆ ಎಂದು ಯೋಚಿಸಿದಾಗ ಎದೆಯಲ್ಲಿ ಏನೋ ಸಡಿಲವಾಯಿತು. ಅದು ನಾಚಿಕೆಯೆಂದುಕೊಂಡ, ಆದರೆ ನಾಚಿಕೆ ಹೀಗೆ ಹಗುರಾಗಿರುವುದಿಲ್ಲ.

“ಮೇಡಂ, ನಿಮ್ಮಿಂದ ಇವತ್ತು ಉಳ್ಕೊಂಡೆ. ಎರಡು ವರ್ಷದ ಹಿಂದೆ ನಾನು ಆಡಿದ್ದು, ಆ ಹೆಸರು... ಅದು ನನ್ನ ಬಾಯಿಂದ ಬರಬಾರದಾಗಿತ್ತು.”

ಆಕೆ ಕೂರಿ ಎನ್ನಲಿಲ್ಲ. ಕಿಟಕಿಯ ಕಡೆ ತಿರುಗಿದಳು. “ಥ್ಯಾಂಕ್ಸ್ ಹೇಳ್ಬೇಡಿ ಸಾರ್. ಪೂರ್ತಿ ಕೇಳಿ ಮೊದಲು. ಅದು ನನಗೆ ಗೊತ್ತಾಗಿದ್ದು ಇವತ್ತಲ್ಲ, ಸೋಮವಾರ. ನಾಲ್ಕು ದಿನ ಇಟ್ಕೊಂಡಿದ್ದೆ.”

ಜನರೇಟರು ಗೋಡೆಯಾಚೆ ಗುರುಗುಟ್ಟುತ್ತಿತ್ತು.

“ನೀವು ಎಲ್ಲರೆದುರು ಹೇಳ್ಬೇಕು, ಆಮೇಲೆ ಬೇರೆ ಯಾರೋ ಹಿಡೀಬೇಕು, ಆಗ ನಿಮ್ಮ ಮುಖ ನೋಡ್ಬೇಕು ಅಂತ ಆಸೆಯಿತ್ತು. ಬೆಳಿಗ್ಗೆ ತಲೆ ಬಾಚ್ಕೊಳ್ಳುವಾಗ ಕನ್ನಡಿ ನೋಡೋಕಾಗ್ತಿರಲಿಲ್ಲ, ಆದ್ರೂ ಇಟ್ಕೊಂಡೆ. ನೀವು ಆಗ ಅಲ್ಲಿ ನನ್ನ ಹೆಸರು ಹೇಳಿದ್ರಲ್ಲ, ನೆಲ ಬಾಯಿ ಬಿಡಬಾರದಾ ಅನ್ನಿಸ್ತು.”

ಸೋಮವಾರ ಅವನು ಬೂಟು ಕೊಂಡಿದ್ದ. ಮಂಗಳವಾರ ಅಕ್ಕನಿಗೆ ಫೋನು ಮಾಡಿ ಬರಲೇಬೇಕು ಎಂದಿದ್ದ. ಬುಧವಾರ ಮೆಟ್ಟಿಲಲ್ಲಿ ಆಕೆ ಎದುರಾದಾಗ ಫೋನಿನಲ್ಲಿ ಏನೋ ಓದುತ್ತಿರುವವನ ಹಾಗೆ ಸರಿದುಹೋಗಿದ್ದ. ಆಗ ಆಕೆಯ ಬ್ಯಾಗಿನಲ್ಲಿ ಆ ಹಾಳೆ ಇತ್ತು. ಕೋಪ ಬರಬೇಕಿತ್ತು, ಅವನು ಕಾದ. ಬರಲಿಲ್ಲ. ಈ ಕಟ್ಟಡದಲ್ಲಿ ತನ್ನ ಬಗ್ಗೆ ಇಷ್ಟು ಹೊತ್ತು ಯೋಚಿಸಿದವರು ಬೇರೆ ಯಾರಿದ್ದಾರೆ?

“ಐದನೇ ದಿನ ಬಂದ್ರಲ್ಲ” ಎಂದ.

“ನಾನಾಗಿ ಬರಲಿಲ್ಲ ಸಾರ್. ಬೆಳಿಗ್ಗೆ ವೆರಾಂಡದಲ್ಲಿ ಒಬ್ಬರು ದಾರಿ ಕೇಳಿದ್ರು, ಸಭಾಂಗಣ ಎಲ್ಲಮ್ಮಾ ಅಂತ. ತೋರಿಸಿದೆ. ನೀವೂ ಇಲ್ಲೇ ಕೆಲಸ ಮಾಡೋದಾ ಅಂದ್ರು. ಹೂಂ ಅಂದೆ. ನನ್ನ ಕೈ ಹಿಡ್ಕೊಂಡ್ರು. ‘ನನ್ನ ತಮ್ಮ ಅವಸರದವನಮ್ಮಾ, ನಿಂತ ಕಡೆ ನಿಲ್ಲಲ್ಲ, ಚಿಕ್ಕಂದಿನಿಂದಲೂ ಹಾಗೇ. ಅವನೊಬ್ಬನ ಕೈಲಿ ಇದೆಲ್ಲ ಆಗುತ್ತಾ? ನೀವೆಲ್ಲ ಜೊತೆಗಿದ್ದು ನೋಡ್ಕೊಳ್ತೀರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ’ ಅಂದ್ರು. ನಾನು ಯಾರು, ಏನು ಕೆಲಸ, ಒಂದೂ ಕೇಳಲಿಲ್ಲ. ಕೈ ಬಿಡಲೂ ಇಲ್ಲ.” ಆಕೆ ತನ್ನ ಬಲಗೈಯನ್ನು ನೋಡಿಕೊಂಡಳು. “ಅವರು ಸಂದರ್ಶಕರ ಕೋಣೆ ಕಡೆ ಹೋದ್ರು. ನಾನು ನೇರ ಮೆಟ್ಟಿಲು ಹತ್ತಿ ನಿಮ್ಮ ಕೋಣೆಗೆ ಬಂದೆ.”

ಆಕೆ ಎರಡನೆಯ ಕುರ್ಚಿಯ ಮೇಲಿದ್ದ ನೋಟ್‌ಬುಕ್ಕುಗಳನ್ನು ಎತ್ತಿ ಕೆಳಗಿಟ್ಟು, “ಆ ನಕ್ಷತ್ರ ಬಿಡೋ ಹಾಗಿಲ್ಲ ಸಾರ್. ಇನ್ನೊಂದು ವರ್ಷ ಬಿಟ್ಟು ಬಿಟ್ಟು ನೋಡಿದ್ರೆ ನಿಧಾನ ಆಗ್ತಿದೆಯೋ ಇಲ್ವೋ ಗೊತ್ತಾಗುತ್ತೆ. ದೂರದರ್ಶಕದ ಸಮಯ ಕೇಳಿ ಅರ್ಜಿ ಹಾಕೋಣ. ನಾಳೆ ಬನ್ನಿ, ಇಲ್ಲೇ ಕೂತು ಬರೆಯೋಣ” ಎಂದಳು. ಇಬ್ಬರೂ ಬರೆಯುವುದು ಎಂಬಂತೆ, ಅದರಲ್ಲಿ ಮಾತಾಡುವುದೇನಿದೆ ಎಂಬಂತೆ ಹೇಳಿದಳು. “ಬರ್ತೀನಿ ಮೇಡಂ” ಎಂದು ಅವನು ಗಡಿಯಾರ ನೋಡಿದ, ಹೊರಗೆ ಬಂದ, ವೆರಾಂಡ ದಾಟುವಷ್ಟರಲ್ಲಿ ಓಡತೊಡಗಿದ್ದ.

ಗೇಟಿನಾಚೆಯ ಬಸ್ ನಿಲ್ದಾಣದಲ್ಲಿ ಭಾವ ಕಂಬಕ್ಕೆ ಒರಗಿ ನಿಂತಿದ್ದ. ಶರ್ಟಿನ ಮಡಿಕೆಯ ಚಿಂತೆ ಇನ್ನಿರಲಿಲ್ಲ. ಅಕ್ಕ ಕಾಲುಗಳ ನಡುವೆ ಚೀಲವಿಟ್ಟುಕೊಂಡು ಬೆಂಚಿನ ಮೇಲೆ ಕೂತು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. ಏದುಸಿರು ಬಿಡುತ್ತ ಬಂದ ತಮ್ಮನನ್ನು ಕಂಡು ಗಾಬರಿಯಾಗಿ ಎದ್ದಳು.

“ಏನಾಯ್ತೋ? ನಾವೇನಾದ್ರೂ ಮರೆತು ಬಂದ್ವಾ?”

“ಇಲ್ಲಕ್ಕ. ನಾನೇ ಮರೆತಿದ್ದೆ.”

“ಏನು?”

ಹೇಳಲು ಹೋದ. ಬೆಳಿಗ್ಗೆ ಅವಳು ಯಾರ ಕೈ ಹಿಡಿದಿದ್ದಳೋ ಅದು ಅವಳಿಗೆ ನೆನಪಿರಲಿಕ್ಕೂ ಇಲ್ಲ. ದಾರಿ ತೋರಿಸಿದವರಿಗೆಲ್ಲ ಅವಳು ಹಾಗೇ ಹೇಳುತ್ತಾಳೆ, ಕಂಡಕ್ಟರಿಗೂ, ಔಷಧಿ ಅಂಗಡಿಯವನಿಗೂ. ಜೊತೆಯಲ್ಲಿರುವಾಗ ಅದಕ್ಕೆ ಅವನು ಎಷ್ಟು ಸಲ ಮುಜುಗರಪಟ್ಟು ಎರಡು ಹೆಜ್ಜೆ ಮುಂದೆ ನಡೆದಿದ್ದನೋ ಲೆಕ್ಕವಿಲ್ಲ.

“ನಿಮ್ಮನ್ನ ಬಸ್ಸು ಹತ್ತಿಸೋದು” ಎಂದ.

“ಅಯ್ಯೋ, ಅದಕ್ಕೆ ಹೀಗೆ ಓಡಿ ಬರ್ಬೇಕಾ? ನಿನ್ನ ಕೆಲಸ ಬಿಟ್ಟು? ನಾವೇನು ಚಿಕ್ಕ ಮಕ್ಕಳಾ? ಹೋಗು ಹೋಗು, ಬಸ್ಸು ಯಾವಾಗ ಬರುತ್ತೋ ಏನೋ.”

ಅವನು ಬೆಂಚಿನ ಮೇಲೆ ಅವಳ ಪಕ್ಕ ಕೂತ. ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

“ಬರಲಿ ಬಿಡಕ್ಕ” ಎಂದ. “ಅವಸರ ಏನಿಲ್ಲ.”